ಹೈಡ್ರಾಲಿಕ್ ಆಯಿಲ್: ಫಿಲ್ಟರ್ ಮಾಡಿಸೋದಾ, ಬದಲಿಸೋದಾ?

ಪೀಣ್ಯ ಪ್ರೆಸ್‌ಶಾಪ್: ನಮಸ್ಕಾರ ಸರ್. 400 ಲೀಟರ್ ಟ್ಯಾಂಕ್, ಆಯಿಲಿನ ಮಂದತೆಯ ಗ್ರೇಡ್ ವಿಜಿ 68. ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದೆ. ಚೆಲ್ಲಬೇಕಾ?

ಲ್ಯೂಬ್ ಇಂಜಿನಿಯರ್: ನಮಸ್ಕಾರ. ಗಾಜಿನ ಬಾಟಲಿಯಲ್ಲಿ ಹಿಡಿದು ಒಂದು ಗಂಟೆ ಇಡಿ. ತಳದಿಂದ ಮೇಲಕ್ಕೆ ತಿಳಿಯಾದರೆ ಗಾಳಿ, ಪಂಪಿಗೆ ಆಯಿಲ್ ಎಳೆಯೋ ಸಕ್ಷನ್ ಲೈನ್ ನೋಡಿ. ಹಾಗೇ ಉಳಿದರೆ ನೀರು. ನೀರು ಓಡೋ ಕೂಲರ್ ಟ್ಯೂಬ್ ಪ್ರೆಶರ್ ಟೆಸ್ಟ್ ಮಾಡಿಸಿ ಲೀಕ್ ನಿಲ್ಲಿಸಿ. ಆಸಿಡ್ ನಂಬರ್ (ಆಯಿಲ್ ಎಷ್ಟು ಹುಳಿಯಾಗಿದೆ ಅನ್ನೋ ಅಳತೆ), ವಿಸ್ಕಾಸಿಟಿ (ಮಂದತೆ) ಸರಿಯಿದ್ದರೆ ವ್ಯಾಕ್ಯೂಮ್ ಡಿಹೈಡ್ರೇಷನ್ (ನಿರ್ವಾತದಲ್ಲಿ ನೀರು ತೆಗೆಯೋದು) ಸಾಕು.

ಬೊಮ್ಮಸಂದ್ರ ಮೋಲ್ಡಿಂಗ್: ನಮ್ಮದು 600 ಲೀಟರ್, ವಿಜಿ 46. ಸೋಮವಾರ ಬೆಳಿಗ್ಗೆ ಆಯಿಲ್ ಹರಿವನ್ನ ಹತೋಟಿಲಿಡೋ ಪ್ರಪೋರ್ಷನಲ್ ವಾಲ್ವ್ ಹಿಡ್ಕೊಳುತ್ತೆ, ಆಯಿಲ್ ಬಿಸಿಯಾದ್ಮೇಲೆ ಸರಿಹೋಗುತ್ತೆ. ಆಸಿಡ್ 0.6, ಹೊಸದರಲ್ಲಿ 0.5 ಇತ್ತು. ವಿಸ್ಕಾಸಿಟಿ 47, ನೀರು 90 ಪಿಪಿಎಂ, ಕ್ಲೀನ್‌ಲಿನೆಸ್ 17/15/12 (ಆಯಿಲಿನಲ್ಲಿ ಎಷ್ಟು ಕಣ ಅನ್ನೋ ಕೋಡ್). ಎಲ್ಲಾ ಸರಿ ಇದೆಯಲ್ಲ ಸರ್?

ಲ್ಯೂಬ್ ಇಂಜಿನಿಯರ್: ಇಲ್ಲಿರೋದ್ರಲ್ಲಿ ನನಗೆ ಚಿಂತೆ ಹುಟ್ಟಿಸಿರೋದು ಇದೇ. ರಿಪೋರ್ಟ್ ಸುಳ್ಳಲ್ಲ, ಈ ಟೆಸ್ಟ್‌ಗಳಿಗೆ ವಾರ್ನಿಷ್, ಅಂದ್ರೆ ಆಯಿಲ್ ಕೆಟ್ಟು ಹುಟ್ಟೋ ಅಂಟು, ಸಿಗಲ್ಲ ಅಷ್ಟೇ. ಬಿಸಿ ಆಯಿಲಿನಲ್ಲಿ ಅದು ಕರಗಿರುತ್ತೆ. ಭಾನುವಾರ ಮಿಷಿನ್ ತಣ್ಣಗಾದಾಗ ಹೊರಬಂದು ವಾಲ್ವ್ ಒಳಗೆ ಜಾರೋ ಸ್ಪೂಲ್ ಮೇಲೆ ಕೂರುತ್ತೆ, ಅಲ್ಲಿನ ಸಂದು ಕೆಲವೇ ಮೈಕ್ರಾನ್. ಕಣ 1 ಮೈಕ್ರಾನಿಗಿಂತ ಸಣ್ಣದು, ನಿಮ್ಮ ಕ್ಲೀನ್‌ಲಿನೆಸ್ ಕೋಡ್ ಎಣಿಸೋದು 4 ಮೈಕ್ರಾನಿನಿಂದ ಮೇಲೆ. ವಾರ್ನಿಷ್ ಅಳೆಯೋ ಎಂಪಿಸಿ ಟೆಸ್ಟ್ ಮಾಡಿಸಿ, ಎಎಸ್‌ಟಿಎಂ ಡಿ7843. ಜೊತೆಗೆ ಆಯಿಲ್ ಕೆಡದಂತೆ ತಡೆಯೋ ಆಂಟಿಆಕ್ಸಿಡೆಂಟ್ ಎಷ್ಟು ಉಳಿದಿದೆ ನೋಡಿ. ಹೊಸದರ ಕಾಲು ಭಾಗಕ್ಕಿಂತ ಕಮ್ಮಿಯಿದ್ದರೆ ಆಯಿಲ್ ಬದಲಿಸಿ. ಜಾಸ್ತಿಯಿದ್ದರೆ ಸೆಲ್ಯುಲೋಸ್ ಡೆಪ್ತ್ ಫಿಲ್ಟರನ್ನ ಬೇರೆ ಪಂಪಿನ ಆಫ್‌ಲೈನ್‌ನಲ್ಲಿ ಹಾಕಿ, ಆಯಿಲ್ ತಣ್ಣಗಿರುವಾಗ ಓಡಿಸಿ, ಆಗಲೇ ವಾರ್ನಿಷ್ ಸಿಕ್ಕಿಬೀಳೋದು. ಬದಲಿಸಿದರೂ ಫ್ಲಷ್ ಮಾಡಲೇಬೇಕು. ಪೈಪು, ಸಿಲಿಂಡರಿನಲ್ಲಿ ಶೇ. 10 ಹಳೇದು ಉಳಿದರೂ 60 ಲೀಟರ್, ಅದು ಹೊಸ ಆಯಿಲನ್ನೂ ಬೇಗ ಕೆಡಿಸುತ್ತೆ. ಟ್ಯಾಂಕ್ ಟೆಂಪರೇಚರ್ ಎಷ್ಟು?

ಜಿಗಣಿ: 20 ಲೀಟರ್ ಡೀಸೆಲ್ ಹಾಕಿ ಅರ್ಧ ಗಂಟೆ ಓಡಿಸಿದರೆ ವಾರ್ನಿಷ್ ತೊಳೆದುಹೋಗುತ್ತೆ ಅಂತ ವಾಟ್ಸಾಪಲ್ಲಿ ಬಂದಿದೆ.

ಲ್ಯೂಬ್ ಇಂಜಿನಿಯರ್: ಬೇಡ. ಆಯಿಲ್ ತೆಳುವಾಗಿ ಪಂಪ್ ಸವೆಯುತ್ತೆ, ಸೀಲ್ ಉಬ್ಬುತ್ತೆ, ಫ್ಲಾಶ್ ಪಾಯಿಂಟ್ ಇಳಿದು ಬೆಂಕಿಯ ಅಪಾಯ. ದಯವಿಟ್ಟು ಇದನ್ನ ಇನ್ನೊಬ್ಬರಿಗೆ ಕಳಿಸಬೇಡಿ.

ರಾಜಾಜಿನಗರ: ನೀರು ಬೆರೆತ ಹೈಡ್ರಾಲಿಕ್ ದ್ರವ ವಾಟರ್ ಗ್ಲೈಕಾಲ್‌ಗೂ ಇದೇ ಲೆಕ್ಕಾನಾ ಸರ್?

ದಾಬಸ್‌ಪೇಟೆ: ನಮ್ಮ ಆಯಿಲ್ ಕಪ್ಪಾಗಿದೆ. ಬದಲಿಸಬೇಕಾ?

ಲ್ಯೂಬ್ ಇಂಜಿನಿಯರ್: ಬಣ್ಣ ನೋಡಿ ಹೇಳಲ್ಲ. ರಿಪೋರ್ಟ್ ಹಾಕಿ.

ಜಿಗಣಿ: ಟೆಸ್ಟು, ಫಿಲ್ಟರು ಅಂತ ಸುರಿಯೋ ದುಡ್ಡಿಗೆ ಹೊಸ ಡ್ರಮ್ಮೇ ಬರುತ್ತೆ.

ಪೀಣ್ಯ ಪ್ರೆಸ್‌ಶಾಪ್: ಕೂಲರ್ ಲೀಕ್ ಹಂಗೇ ಇದ್ರೆ ಆ ಡ್ರಮ್ಮೂ ಹಾಲಾಗುತ್ತೆ ಗುರು.

ಜಿಗಣಿ: ನಿಮ್ ಕೂಲರ್ ತೂತಾದ್ರೆ ಅದು ನಿಮ್ ಮೇಂಟೆನೆನ್ಸ್. ನಮ್ಗ್ಯಾಕ್ ಪಾಠ?

ಪೀಣ್ಯ ಪ್ರೆಸ್‌ಶಾಪ್: ಡೀಸೆಲ್ ಸುರಿಯೋಕೆ ಹೊರಟೋರು ಮೇಂಟೆನೆನ್ಸ್ ಮಾತಾಡ್ಬೇಡಿ.

ದಾಬಸ್‌ಪೇಟೆ: ರಿಪೋರ್ಟ್ ಬಂತು. ವಿಜಿ 68, ವಿಸ್ಕಾಸಿಟಿ ಈಗ 79. ಆಸಿಡ್ 1.8, ಹೊಸದು 0.5.

ಲ್ಯೂಬ್ ಇಂಜಿನಿಯರ್: ಬದಲಿಸಿ. ವಿಸ್ಕಾಸಿಟಿ ಏರಿಕೆ ಶೇ. 10 ದಾಟಿದೆ, ಆಸಿಡ್ ಹೊಸದಕ್ಕಿಂತ 1.0ಗೂ ಮೇಲೇರಿದೆ. ಸವೆದ ಅಡಿಟಿವ್ ಫಿಲ್ಟರಿಂದ ವಾಪಸ್ ಬರಲ್ಲ. ಹಳೇದನ್ನ ಗುಜರಿಗೆ ಹಾಕಬೇಡಿ, ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರೋ ರೀಸೈಕ್ಲರಿಗೇ ಕೊಡಿ.

ರಾಜಾಜಿನಗರ: ಸರ್, ವಾಟರ್ ಗ್ಲೈಕಾಲ್?

ಜಿಗಣಿ: ಡೀಸೆಲ್ ಬೇಡ ಅಂದ್ರೆ ಸೀಮೆಎಣ್ಣೆ?

ಲ್ಯೂಬ್ ಇಂಜಿನಿಯರ್: ಮೇಲೆ ಹೇಳಿದ್ದೇ ಓದಿ.

ಬೊಮ್ಮಸಂದ್ರ ಮೋಲ್ಡಿಂಗ್: ಟ್ಯಾಂಕ್ 68 ಡಿಗ್ರಿ ಸರ್. ಕೂಲರ್‌ಗೆ ಬೋರ್‌ವೆಲ್ ನೀರು.

ಲ್ಯೂಬ್ ಇಂಜಿನಿಯರ್: ಜಾಸ್ತಿಯಾಯ್ತು. ಕೂಲರ್ ಬಿಚ್ಚಿ ನೋಡಿ, ಗಡಸು ನೀರಿಗೆ ಟ್ಯೂಬಲ್ಲಿ ಸುಣ್ಣ ಕಟ್ಟಿರುತ್ತೆ. ಡಿಸ್ಕೇಲ್ ಮಾಡಿಸಿ 55ರ ಒಳಗೆ ತನ್ನಿ. ಎಂಪಿಸಿ ಸ್ಯಾಂಪಲ್ ಮಾತ್ರ ಇವತ್ತೇ ಕಳಿಸಿ.