‘ಎನ್‌ಗ್ರೋಸ್ಡ್’ ಅಂದರೆ ‘ಮಗ್ನ’ ಅನ್ನಬಹುದಾ?

ಗೆಳೆಯರೇ,

ಒಂದು ಮಕ್ಕಳ ಕಥೆಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಹುಡುಗಿಯೊಬ್ಬಳು ಪುಸ್ತಕ ಹಿಡಿದು ಕೂತಿದ್ದಾಳೆ. ಅಮ್ಮ ಮೂರು ಸಲ ಕೂಗಿದರೂ ಅವಳ ಕಿವಿಗೆ ಬಿದ್ದಿಲ್ಲ. ಇಂಗ್ಲಿಷಿನಲ್ಲಿ ಅವಳು ‘ಎನ್‌ಗ್ರೋಸ್ಡ್’. ‘ಮಗ್ನಳಾಗಿದ್ದಳು’ ಅಂತ ಬರೆದು ಮುಂದೆ ಹೋಗಿದ್ದೆ. ಆಮೇಲೆ ಸುಮ್ನೆ ಪದದ ಹುಟ್ಟು ನೋಡೋಣ ಅಂತ ಹೊರಟೆ, ಅಲ್ಲೇ ನಿಂತುಬಿಟ್ಟೆ.

ಈ ಪದ ಬಂದಿದ್ದು ಪೇಟೆಯಿಂದ. ಫ್ರೆಂಚಿನಲ್ಲಿ ‘ಆಂ ಗ್ರೋ’ ಅಂದರೆ ಸಗಟಾಗಿ. ಅದಕ್ಕೂ ಹಿಂದೆ ಲ್ಯಾಟಿನ್ನಿನ ‘ಗ್ರೋಸುಸ್’, ಅಂದರೆ ದಪ್ಪ. ಹಳೆಯ ಇಂಗ್ಲೆಂಡಿನಲ್ಲಿ ‘ಎನ್‌ಗ್ರೋಸ್’ ಮಾಡುವುದು ಅಂದರೆ ದವಸವನ್ನೆಲ್ಲ ಒಬ್ಬನೇ ಕೊಂಡು ಕೂಡಿಟ್ಟು, ಬೆಲೆ ಏರಿಸಿ ಮಾರುವುದು. ಅದು ಅಪರಾಧವೇ ಆಗಿತ್ತು. 1552ರಲ್ಲಿ, ಆರನೆಯ ಎಡ್ವರ್ಡ್ ಕಾಲದಲ್ಲಿ, ಅದರ ವಿರುದ್ಧ ಕಾಯಿದೆ ಮಾಡಿದರು. ಆ ಅಪರಾಧ ಅಲ್ಲಿನ ಕಾನೂನಿನಿಂದ ಪೂರ್ತಿ ಹೋಗಿದ್ದು 1844ರಲ್ಲಿ. ನಾವು ದಿನಾ ಕೇಳುವ ‘ಗ್ರೋಸರಿ’ ಕೂಡ ಇದೇ ಬಳಗದ್ದು. ‘ಗ್ರೋಸರ್’ ಮೊದಲು ಸಗಟು ವ್ಯಾಪಾರಿ, ಕಿರಾಣಿಯವನಾಗಿದ್ದು ಆಮೇಲೆ.

ಇನ್ನೊಂದು ಅರ್ಥವೂ ಇದೆ. ಪತ್ರವನ್ನು ದಪ್ಪ ಅಕ್ಷರದಲ್ಲಿ, ಅಂದವಾಗಿ ಕೊನೆಯ ಪ್ರತಿ ಮಾಡುವುದೂ ‘ಎನ್‌ಗ್ರೋಸ್’. ಅಮೆರಿಕದ ಸ್ವಾತಂತ್ರ್ಯ ಘೋಷಣೆಯನ್ನು ಹೀಗೆ ಚರ್ಮದ ಹಾಳೆಯ ಮೇಲೆ ಬರೆಸಬೇಕು ಅಂತ 1776ರ ಜುಲೈ 19ರಂದು ತೀರ್ಮಾನವಾಯಿತು. ಸಹಿಗಳು ಬೀಳತೊಡಗಿದ್ದು ಆಗಸ್ಟ್ 2ರಂದು, ಆ ಪ್ರತಿಯ ಮೇಲೆ. ಇಂಥ ಕಡೆ ‘ತಲ್ಲೀನ’ ಅಂತ ಅನುವಾದಿಸಿದರೆ ಅರ್ಥವೇ ಕೆಟ್ಟುಹೋಗುತ್ತದೆ. ‘ಶುದ್ಧಪ್ರತಿ’ ಸಾಕು.

ನನಗೆ ಹಿಡಿಸಿದ್ದು ಪೇಟೆಯ ಅರ್ಥವೇ. ದವಸ ಕೊಳ್ಳುವುದಕ್ಕೆ ಹೇಳುತ್ತಿದ್ದ ಮಾತನ್ನೇ ಮೆಲ್ಲಗೆ ಮನಸ್ಸಿನ ಗಮನಕ್ಕೂ ಹೇಳತೊಡಗಿದರು. ಆ ಹುಡುಗಿಯ ಗಮನವನ್ನೆಲ್ಲ ಪುಸ್ತಕವೇ ಸಗಟಾಗಿ ಕೊಂಡುಬಿಟ್ಟಿದೆ. ಅಮ್ಮನ ಕೂಗಿಗೆ ಕೊಡಲು ಅವಳ ಹತ್ತಿರ ಒಂದು ಹಿಡಿಯೂ ಉಳಿದಿಲ್ಲ. ಎಷ್ಟು ಚೆನ್ನಾಗಿದೆ ಅಲ್ವಾ?

ನಮ್ಮ ಪದಗಳ ದಾರಿ ಬೇರೆ. ‘ಮಗ್ನ’ ಅಂದರೆ ಮುಳುಗಿದ್ದು. ‘ತಲ್ಲೀನ’ ಅಂದರೆ ಅದರಲ್ಲೇ ಕರಗಿದ್ದು. ಎರಡರಲ್ಲೂ ಹೋಗಿ ಸೇರುವವರು ನಾವು. ‘ಎನ್‌ಗ್ರೋಸ್’ನಲ್ಲಿ ಪುಸ್ತಕವೇ ಬಂದು ನಮ್ಮನ್ನು ಹಿಡಿಯುತ್ತದೆ. ‘ಪರವಶ’ ಇದಕ್ಕೆ ಹತ್ತಿರ, ಇನ್ನೊಬ್ಬರ ವಶವಾಗುವುದು. ಆದರೆ ಅದರಲ್ಲಿ ಭಕ್ತಿಯ, ಸಂಗೀತದ ವಾಸನೆ ಜಾಸ್ತಿ. ಕಥೆ ಓದುವ ಎಂಟು ವರ್ಷದ ಮಗುವಿಗೆ ಭಾರವಾಗುತ್ತದೆ. ‘ಗುಂಗು’ ಮುದ್ದಾದ ಪದ, ಆದರೆ ಅದು ಪುಸ್ತಕ ಮುಚ್ಚಿದ ಮೇಲೂ ತಲೆಯಲ್ಲಿ ಸುತ್ತುವಂಥದ್ದು. ‘ಮೈಮರೆತಿದ್ದಳು’ ಸಹಜವಾಗಿದೆ. ಆದರೆ ಅಲ್ಲಿ ಪುಸ್ತಕದ ಕೈವಾಡ ಕಾಣುವುದಿಲ್ಲ.

ಸದ್ಯಕ್ಕೆ ‘ಪುಸ್ತಕ ಅವಳನ್ನು ಪೂರ್ತಿಯಾಗಿ ಹಿಡಿದಿಟ್ಟುಕೊಂಡಿತ್ತು’ ಅಂತ ತಿದ್ದಿದ್ದೇನೆ. ಒಂದೇ ಪದದಲ್ಲಿ ಹೇಳುವ ಮಾತು ನಿಮ್ಮ ಕಡೆ ಇದೆಯಾ? ಮನೆಯಲ್ಲಿ ಅಜ್ಜಿ, ಅತ್ತೆ ಬಳಸುತ್ತಿದ್ದ ಪದವಾದರೆ ಇನ್ನೂ ಒಳ್ಳೆಯದು. ಯಾವ ಊರಿನ ಮಾತು ಅಂತಲೂ ತಿಳಿಸಿ.