ಎಂಪಿಎಫ್‌ಐ ಉಳಿಸಬೇಕಾ, ಕಾರ್ಬುರೇಟರ್‌ಗೆ ಹೋಗಬೇಕಾ? ಸಹಾಯ ಬೇಕು

ಕಾರು 2001ರ ಮಾರುತಿ ಎಸ್ಟೀಮ್, ಇರುವುದು ಸುರತ್ಕಲ್‌ನಲ್ಲಿ. ಎಂಪಿಎಫ್‌ಐ ಅಂದರೆ ಕಂಪ್ಯೂಟರ್ ಹೇಳಿದಷ್ಟು ಪೆಟ್ರೋಲನ್ನು ಇಂಜೆಕ್ಟರ್‌ಗಳು ಚಿಮ್ಮಿಸುವ ವ್ಯವಸ್ಥೆ; ಕಾರ್ಬುರೇಟರ್ ಅಂದರೆ ಗಾಳಿಯ ಎಳೆತದಿಂದ ಪೆಟ್ರೋಲ್ ಬೆರೆಸುವ ಹಳೇ ಪದ್ಧತಿ. ಬೆಳಿಗ್ಗೆ ತಟ್ಟನೆ ಸ್ಟಾರ್ಟ್. ಬಿಸಿಯಾದ ಮೇಲೆ ಹತ್ತು ನಿಮಿಷ ನಿಲ್ಲಿಸಿದರೆ ಸೆಲ್ಫ್ ಎಳೆದೂ ಎಳೆದೂ ಸಾಕಾಗ್ತದೆ.

ಓಡುವಾಗ ಪೆಟ್ರೋಲ್ ಪ್ರೆಶರ್ 2.7 ಬಾರ್, ಆಫ್ ಮಾಡಿದ ಐದೇ ನಿಮಿಷಕ್ಕೆ ಸೊನ್ನೆ. ಹೆಚ್ಚಾದ ಪೆಟ್ರೋಲ್ ಟ್ಯಾಂಕಿಗೆ ಮರಳುವ ರಿಟರ್ನ್ ಹೋಸ್ ಒತ್ತಿ ಹಿಡಿದರೂ ಇಳಿಯುತ್ತದೆ, ಅಂದರೆ ಪ್ರೆಶರ್ ಹಿಡಿತದಲ್ಲಿಡುವ ರೆಗ್ಯುಲೇಟರ್ ತಪ್ಪಲ್ಲ. ತಪ್ಪಿರುವುದು ಪೆಟ್ರೋಲ್ ಹಿಂದಕ್ಕೆ ಹೋಗದಂತೆ ತಡೆಯುವ ಪಂಪಿನ ಚೆಕ್ ವಾಲ್ವ್ ಇಲ್ಲವೇ ಸೋರುವ ಇಂಜೆಕ್ಟರ್. ಎಂಜಿನ್ ಎಷ್ಟು ಬಿಸಿ ಅಂತ ಕಂಪ್ಯೂಟರಿಗೆ ತಿಳಿಸುವ ಟೆಂಪರೇಚರ್ ಸೆನ್ಸರಿನ ಕನೆಕ್ಟರ್ ಬಿಚ್ಚಿದರೆ ಪಿನ್ನಿನ ಮೇಲೆ ಹಸಿರು ಪುಡಿ, ಕಡಲ ಗಾಳಿಯ ಕೆಲಸ. ಅದನ್ನೂ ಅರ್ತ್ ಪಾಯಿಂಟನ್ನೂ ಉಜ್ಜಿ ಶುದ್ಧ ಮಾಡಿಯಾಯ್ತು.

ಗ್ಯಾರೇಜಿನವರು "ಕಾರ್ಬುರೇಟರ್ ಹಾಕಿಬಿಡಿ" ಅಂತಾರೆ. ಆದರೆ ಮಾರಾಯ್ರೇ, ಕಿಡಿಯ ಟೈಮಿಂಗ್ ನೋಡುವುದೂ ಇಸಿಯುವೇ (ಎಂಜಿನ್ನಿನ ಕಂಪ್ಯೂಟರ್). ಅದನ್ನು ತೆಗೆದರೆ ಕಿಡಿಯ ಟೈಮಿಂಗನ್ನು ತಾನೇ ಹಿಂದೆಮುಂದೆ ಮಾಡುವ, ವ್ಯಾಕ್ಯೂಮ್ ಅಡ್ವಾನ್ಸ್ ಇರುವ ಡಿಸ್ಟ್ರಿಬ್ಯೂಟರ್, ಬೇರೆ ಇನ್‌ಟೇಕ್ ಮ್ಯಾನಿಫೋಲ್ಡ್, 0.2–0.3 ಬಾರ್‌ನ ಪಂಪ್ ಎಲ್ಲ ಬೇಕು. ಈಗಿರುವ ಹೆಚ್ಚು ಪ್ರೆಶರಿನ ಪಂಪನ್ನೇ ಬಿಟ್ಟರೆ ಕಾರ್ಬುರೇಟರಿನೊಳಗಿನ ನೀಡಲ್ ವಾಲ್ವ್ ತಡೆಯದೆ ಪೆಟ್ರೋಲ್ ಉಕ್ಕಿ ಬಿಸಿ ಎಂಜಿನ್ ಮೇಲೆ ಬೀಳ್ತದೆ. ಮೇಲಿಂದ ಎಫ್‌ಸಿಗೆ (ಫಿಟ್‌ನೆಸ್ ಸರ್ಟಿಫಿಕೇಟ್) ಹೊಗೆ ಪರೀಕ್ಷೆ. ಹಾಗಾಗಿ ಇಂಜೆಕ್ಷನ್ ಉಳಿಸುವ ಕಡೆಗೇ ಮನಸ್ಸು.

ಮಂಗಳೂರು–ಉಡುಪಿಯಲ್ಲಿ ಇಂಜೆಕ್ಟರ್ ಬಿಚ್ಚಿ ಬೆಂಚಿನಲ್ಲಿ ಸೋರಿಕೆ ನೋಡಿ ಕೊಡುವವರು ಯಾರಿದ್ದಾರೆ? ಟ್ಯಾಂಕಿನೊಳಗಿನ ಪಂಪ್ ಮಾತ್ರ ಸಿಗ್ತದಾ, ಇಡೀ ಜೋಡಣೆಯೇ ತಗೊಳ್ಬೇಕಾ? ಕಾರ್ಬುರೇಟರ್ ಹಾಕಿಸಿದವರಿದ್ದರೆ ಘಾಟಿ ಹತ್ತುವಾಗ ಹೇಗೆ ಎಳೀತದೆ, ದಯವಿಟ್ಟು ತಿಳಿಸಿ.