ಅಡ್ವಾನ್ಸ್ ಟ್ಯಾಕ್ಸ್‌ಗೆ (ವರ್ಷ ಮುಗಿಯುವ ಮೊದಲೇ ಕಟ್ಟುವ ಆದಾಯ ತೆರಿಗೆ) ಪ್ರತಿ ಬಿಲ್ಲಿನಿಂದ ಎಷ್ಟು ಎತ್ತಿಡಬೇಕು? (ಸ್ವಂತ ಪ್ರಾಕ್ಟೀಸ್, ಜೊತೆಗೆ ಸ್ವಲ್ಪ ಕಾಫಿ)

ನಕ್ಷೆ_ಹಾಸನ
ಹಾಸನದಲ್ಲಿ ಸ್ಟ್ರಕ್ಚರಲ್ ಎಂಜಿನಿಯರ್, ಸ್ವಂತ ಪ್ರಾಕ್ಟೀಸ್. 2025-26ಕ್ಕೆ ಜಿಎಸ್‌ಟಿ ಬಿಟ್ಟು ಸುಮಾರು 30 ಲಕ್ಷ ಫೀಸು. ಅದರಲ್ಲಿ 8 ಲಕ್ಷ ಬೆಂಗಳೂರಿನ ಕಂಪನಿಯದು, 10% ಟಿಡಿಎಸ್ (ಮೊದಲೇ ಮುರಿದುಕೊಂಡು ನಮ್ಮ ಹೆಸರಲ್ಲಿ ಸರ್ಕಾರಕ್ಕೆ ಕಟ್ಟುವ ತೆರಿಗೆ) ಹಿಡಿದು ಕೊಡುತ್ತಾರೆ. ಉಳಿದ 22 ಲಕ್ಷ ಮನೆ ಕಟ್ಟಿಸುವವರಿಂದ, ಟಿಡಿಎಸ್ ಇಲ್ಲ. ಸಕಲೇಶಪುರದ ಕಡೆ ನನ್ನ ಹೆಸರಲ್ಲೇ ತೋಟ ಇದೆ, ಖರ್ಚು ಕಳೆದು 3 ಲಕ್ಷ ಉಳಿಯುತ್ತೆ. ಬಂದದ್ದರಲ್ಲಿ 30% ಎತ್ತಿಡಿ ಅಂತ ಎಲ್ಲರೂ ಹೇಳ್ತಾರೆ, ಅಷ್ಟು ಎತ್ತಿಟ್ಟರೆ ಆಫೀಸ್ ನಡೆಯಲ್ಲ. ಸರಿಯಾದ ಲೆಕ್ಕ ಏನು? ಕಾಫಿ ದುಡ್ಡಿಗೆ ಟ್ಯಾಕ್ಸ್ ಇಲ್ಲ ತಾನೇ?

ಲೆಕ್ಕದ_ಪುಸ್ತಕ
30% ಅನ್ನೋದು ಸುಮ್ಮನೆ ಬಾಯಿಮಾತು ಸರ್. ನಿಮ್ಮದೇ ಅಂಕಿ ಇಟ್ಟು ಲೆಕ್ಕ ಹಾಕಿ.

ಮೊದಲು ಜಿಎಸ್‌ಟಿ. ಫೀಸು 20 ಲಕ್ಷ ದಾಟುವುದರಿಂದ ನೋಂದಣಿ ಕಡ್ಡಾಯ. ಬಿಲ್ಲಿನ ಮೇಲೆ ವಸೂಲಿ ಮಾಡಿದ 18% ನಿಮ್ಮ ದುಡ್ಡೇ ಅಲ್ಲ, ಬಂದ ದಿನವೇ ಪೂರ್ತಿ ಬೇರೆ ಖಾತೆಗೆ ಹಾಕಿ. ಕೈ ಖಾಲಿಯಾಗೋದು ಹೆಚ್ಚಾಗಿ ಇಲ್ಲೇ, ಆದಾಯ ತೆರಿಗೆಯಿಂದ ಅಲ್ಲ.

ಎಂಜಿನಿಯರಿಂಗ್ 44ಎಡಿಎ (ವೃತ್ತಿಯವರಿಗೆ ಅಂದಾಜು ಲಾಭದ ಮೇಲೆ ತೆರಿಗೆ ಹಾಕುವ ಕಲಂ) ಪಟ್ಟಿಯಲ್ಲಿದೆ. 30 ಲಕ್ಷದ ಅರ್ಧ, ಅಂದರೆ 15 ಲಕ್ಷ ಆದಾಯ ಅಂತ ತೋರಿಸಬಹುದು. ನಿಜವಾದ ಲಾಭ ಅದಕ್ಕಿಂತ ಜಾಸ್ತಿ ಇದ್ದರೆ ಜಾಸ್ತಿಯನ್ನೇ ತೋರಿಸಬೇಕು, ಅರ್ಧ ಅನ್ನೋದು ಕನಿಷ್ಠ. ಬಾಡಿಗೆ, ಡ್ರಾಫ್ಟ್ಸ್‌ಮನ್ ಸಂಬಳ ಎಲ್ಲ ಆ ಉಳಿದರ್ಧದಲ್ಲಿ ಮುಗಿಯಿತು, ಮತ್ತೆ ಕಳೆಯುವಂತಿಲ್ಲ. ಹೊಸ ತೆರಿಗೆ ಪದ್ಧತಿಯಲ್ಲಿ 15 ಲಕ್ಷಕ್ಕೆ ತೆರಿಗೆ: 4ರಿಂದ 8 ಲಕ್ಷಕ್ಕೆ 20,000, 8ರಿಂದ 12ಕ್ಕೆ 40,000, ಮೇಲಿನ 3 ಲಕ್ಷಕ್ಕೆ 45,000. ಸೆಸ್ (ತೆರಿಗೆಯ ಮೇಲಿನ ತೆರಿಗೆ) 4% ಸೇರಿ 1,09,200. ಟಿಡಿಎಸ್ 80,000 ಕಳೆದರೆ 29,200 ಉಳಿಯುತ್ತೆ. ಸಂಬಳದವರ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ನಮ್ಮಂಥವರಿಗೆ ಇಲ್ಲ.

ಇದು ಕಾಫಿ ಸೇರಿಸದ ಲೆಕ್ಕ.

ಮರಗಸಿ
ಕಾಫಿ ಸೇರಿಸಿದರೆ ಚಿತ್ರವೇ ಬೇರೆ. ಚೆರ್ರಿ (ಸಿಪ್ಪೆ ಸಮೇತ ಒಣಗಿಸಿದ ಹಣ್ಣು), ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಬೀಜ) ಮಾರಿದ್ದು ಕೃಷಿ ಆದಾಯ, ಅದಕ್ಕೆ ನೇರವಾಗಿ ತೆರಿಗೆ ಇಲ್ಲ, ನಿಜ. ಆದರೆ 5,000 ದಾಟಿದರೆ ದರ ಗೊತ್ತುಮಾಡೋದಕ್ಕೆ ಅದನ್ನೂ ಸೇರಿಸುತ್ತಾರೆ. 15 + 3 = 18 ಲಕ್ಷಕ್ಕೆ ತೆರಿಗೆ 1,60,000. ಅದರಿಂದ, 3 ಲಕ್ಷ ಕೃಷಿ ಮತ್ತು 4 ಲಕ್ಷ ವಿನಾಯಿತಿ ಸೇರಿದ 7 ಲಕ್ಷದ ಮೇಲಿನ 15,000 ಕಳೆಯಿರಿ. 1,45,000, ಸೆಸ್ ಸೇರಿ 1,50,800. ಟಿಡಿಎಸ್ ಹೋಗಿ ನೀವು ಕಟ್ಟಬೇಕಾದ್ದು 70,800. ತೆರಿಗೆ ಇಲ್ಲದ ಕಾಫಿ 41,600 ಏರಿಸಿತು ನೋಡಿ!

ಪಹಣಿ ತಂದೆಯವರ ಹೆಸರಲ್ಲಿದ್ದು ಆದಾಯವೂ ಅವರದ್ದೇ ಆಗಿದ್ದರೆ ಇದು ನಿಮಗೆ ಬರುತ್ತಿರಲಿಲ್ಲ. ಕೊಯ್ಲಿನ ಕೂಲಿ, ಗೊಬ್ಬರ, ಬೋರ್ಡೋ ಸಿಂಪಡಣೆ, ಮರಗಸಿ (ನೆರಳಿನ ಮರದ ಕೊಂಬೆ ಸವರುವುದು) ಖರ್ಚಿನ ಚೀಟಿ ಇಟ್ಟುಕೊಳ್ಳಿ. ಇಲ್ಲದಿದ್ದರೆ ಆ 3 ಲಕ್ಷ ಅನ್ನೋದಕ್ಕೆ ಆಧಾರ ಇರಲ್ಲ. ಕ್ಯೂರಿಂಗ್ (ಒಣ ಕಾಫಿಯ ಸಿಪ್ಪೆ ಬಿಡಿಸಿ ಹಸನು ಮಾಡುವುದು) ಮಾಡಿಸಿ ಮಾರಿದರೆ ಆ ಆದಾಯದ 25%, ಹುರಿದು ಪುಡಿ ಮಾಡಿ ಮಾರಿದರೆ 40% ವ್ಯಾಪಾರದ ಆದಾಯ ಆಗುತ್ತೆ (ನಿಯಮ 7ಬಿ). ಇನ್ನೊಂದು: ಕೃಷಿ ಆದಾಯ 5,000 ದಾಟಿದವರು ಐಟಿಆರ್-4 (ಅಂದಾಜು ಲಾಭದವರ ಸರಳ ರಿಟರ್ನ್ ಫಾರ್ಮ್) ಹಾಕುವಂತಿಲ್ಲ, ಐಟಿಆರ್-3 ಹಾಕಬೇಕು.

ಲೆಕ್ಕದ_ಪುಸ್ತಕ
ಹೌದು. ಹಾಗಾದರೆ ಎತ್ತಿಡೋದು: 22 ಲಕ್ಷದಲ್ಲಿ 70,800 ಅಂದರೆ 3.2%. ಟಿಡಿಎಸ್ ಇಲ್ಲದ ಪ್ರತಿ ಬಿಲ್ಲಿನಿಂದ 5% ತೆಗೆದಿಡಿ, ಸಾಕು. ಫೀಸು 30 ದಾಟಿ 34 ಲಕ್ಷದವರೆಗೆ ಹೋದರೆ ಮಾತ್ರ, ಹೆಚ್ಚಿಗೆ ಬಂದ ಪ್ರತಿ ಲಕ್ಷಕ್ಕೆ ಸುಮಾರು 10,400 ಇಡಬೇಕು, 5% ಸಾಲದು. ಎತ್ತಿಟ್ಟ ದುಡ್ಡಿನ ಖಾತೆಗೆ ಯುಪಿಐ ಜೋಡಿಸಬೇಡಿ, ಸ್ವೀಪ್ ಎಫ್‌ಡಿ (ಹೆಚ್ಚಿಗೆ ಇರುವ ದುಡ್ಡು ತಾನೇ ಎಫ್‌ಡಿಗೆ ಹೋಗುವ ವ್ಯವಸ್ಥೆ) ಮಾಡಿಸಿಕೊಳ್ಳಿ.

44ಎಡಿಎ ತೆಗೆದುಕೊಂಡವರಿಗೆ ಮಾರ್ಚ್ 15ರೊಳಗೆ ಒಂದೇ ಕಂತು. ಕಾಫಿ ದುಡ್ಡೂ ಹೆಚ್ಚಾಗಿ ಜನವರಿಯಿಂದ ಮಾರ್ಚ್ ಒಳಗೆ ಬರುತ್ತೆ, ಅಷ್ಟೊತ್ತಿಗೆ ನಿಮ್ಮ 3 ಲಕ್ಷ ಎಷ್ಟಾಯಿತು ಅಂತ ಗೊತ್ತಾಗಿರುತ್ತೆ. ಮರೆತು ಜುಲೈಯಲ್ಲಿ ಕಟ್ಟಿದರೆ 234ಸಿ ಕಲಂ ಪ್ರಕಾರ 1% ಬಡ್ಡಿ (708), 234ಬಿ ಪ್ರಕಾರ ಏಪ್ರಿಲ್‌ನಿಂದ ತಿಂಗಳಿಗೆ 1%, ನಾಲ್ಕು ತಿಂಗಳಿಗೆ 2,832. ಮಾರ್ಚ್ 31ರೊಳಗೆ ಕಟ್ಟಿದ್ದೂ ಮುಂಗಡ ಅಂತಲೇ ಲೆಕ್ಕ, ಆಗ 708 ಮಾತ್ರ.

ಚಿಕ್ಕಮಗಳೂರು_ಪಾಲಿಸಿ
ನಾನು ಇನ್ಶೂರೆನ್ಸ್ ಏಜೆಂಟ್. ನನಗೂ ಮಾರ್ಚ್‌ನಲ್ಲಿ ಒಂದೇ ಕಂತು ಸಾಕಾ?

ಲೆಕ್ಕದ_ಪುಸ್ತಕ
ಇಲ್ಲ ಸರ್. ಕಮಿಷನ್ ಆದಾಯಕ್ಕೆ ಅಂದಾಜು ಲಾಭದ ಪದ್ಧತಿ ಸಿಗಲ್ಲ. ಟಿಡಿಎಸ್ ಕಳೆದು 10,000 ಅಥವಾ ಅದಕ್ಕಿಂತ ಜಾಸ್ತಿ ಬಾಕಿ ಇದ್ದರೆ ಜೂನ್ 15ಕ್ಕೆ 15%, ಸೆಪ್ಟೆಂಬರ್ 15ಕ್ಕೆ ಒಟ್ಟು 45%, ಡಿಸೆಂಬರ್ 15ಕ್ಕೆ ಒಟ್ಟು 75%, ಮಾರ್ಚ್ 15ಕ್ಕೆ ಪೂರ್ತಿ.

ನಕ್ಷೆ_ಹಾಸನ
ಕಟ್ಟುವಾಗ ಏನಾದರೂ ಗಮನಿಸಬೇಕಾ? 26ಎಎಸ್‌ನಲ್ಲಿ (ನಮ್ಮ ಹೆಸರಿಗೆ ಜಮಾ ಆದ ತೆರಿಗೆಯ ಪಟ್ಟಿ) ಕಂಪನಿಯವರ ಟಿಡಿಎಸ್ ಪೂರ್ತಿ ಕಾಣ್ತಿಲ್ಲ.

ಮರಗಸಿ
ಜನವರಿ-ಮಾರ್ಚ್ ಟಿಡಿಎಸ್ ವಿವರ ಹಾಕೋದಕ್ಕೆ ಅವರಿಗೆ ಮೇ 31ರವರೆಗೆ ಸಮಯ ಇದೆ. ಮಾರ್ಚ್‌ನಲ್ಲಿ 26ಎಎಸ್ ನಂಬಬೇಡಿ, ನಿಮ್ಮ ಬಿಲ್ ಮತ್ತು ಬ್ಯಾಂಕಿಗೆ ಬಂದ ಮೊತ್ತದಿಂದಲೇ ಕೂಡಿಸಿ. ಆದಾಯ ತೆರಿಗೆ ಪೋರ್ಟಲ್‌ನ ಇ-ಪೇ ಟ್ಯಾಕ್ಸ್‌ನಲ್ಲಿ ಅಸೆಸ್‌ಮೆಂಟ್ ವರ್ಷ 2026-27 ಆರಿಸಿ (ಆದಾಯ ಬಂದ ವರ್ಷದ ಮುಂದಿನದು, 2025-26 ಅಲ್ಲ, ಎಷ್ಟೋ ಜನ ಎಡವೋದು ಇಲ್ಲೇ), ಬಗೆ ‘ಅಡ್ವಾನ್ಸ್ ಟ್ಯಾಕ್ಸ್ (100)’. 300 ಒತ್ತಿದರೆ ಅದು ಸೆಲ್ಫ್ ಅಸೆಸ್‌ಮೆಂಟ್ ಆಗುತ್ತೆ. ತಪ್ಪಿದರೆ ಪೋರ್ಟಲ್‌ನಲ್ಲೇ ಚಲನ್ ತಿದ್ದುಪಡಿಗೆ ಹಾಕಬಹುದು: ವರ್ಷ ತಪ್ಪಿದ್ದರೆ 7 ದಿನದೊಳಗೆ, ಬಗೆ ತಪ್ಪಿದ್ದರೆ 30 ದಿನದೊಳಗೆ. ಚಲನ್ ಪಿಡಿಎಫ್ ಆಗಲೇ ಇಳಿಸಿಕೊಂಡು ವರ್ಷದ ಸಾಲು ಓದಿಬಿಡಿ, ಆ ಏಳು ದಿನ ಬೇಗ ಕಳೆದುಹೋಗುತ್ತೆ.